ಮಾರ್ಗರೇಟ್ ಪುರಾಣದ ಫಲಶ್ರುತಿ

ನನ್ನಲ್ಲೊಂದು ದುರ್ಗುಣವಿದೆ. ಯಾವುದನ್ನೂ ನೇರವಾಗಿ ಕೇಳಲಾರೆ. ಹೊಸ ಕುಕ್ಕರ್ ಬೇಕಾದರೂ ವಾರವಿಡೀ ಹಳೆಯದರ ಸೀಟಿಯನ್ನು ಬೈದು, ಯಜಮಾನರ ಬಾಯಿಂದಲೇ "ಬ್ಯಾರೆ ತರೋಣ" ಅನ್ನಿಸುವವಳು ನಾನು. ಇಂಥವಳಿಗೆ, ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ, ಪುಣೆಯ ಭೋಸರಿಯಲ್ಲಿದ್ದ ನಮ್ಮ ಕಾರ್ಖಾನೆಯ ಸಾಹೇಬರು "ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯುವುದನ್ನು ಕಲಿಯಲು ಮೂರು ತಿಂಗಳು ಜರ್ಮನಿಗೆ ಹೋಗ್ತೀರಾ? ಹದಿನೈದು ದಿನದಲ್ಲಿ ಹೇಳಿ" ಅಂದರು. ಯಜಮಾನರು "ಅವ್ವನ್ನ ಕೇಳು" ಅಂದು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಬಾಗಲಕೋಟೆಯಿಂದ ಪುಣೆಗೆ ಬಸ್ಸಿನಲ್ಲಿ ಬರುವಾಗಲೂ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಸ್ತೋತ್ರ ಹೇಳಿಕೊಳ್ಳುವ ಅತ್ತೆಯ ಮುಂದೆ ವಿಮಾನದ ಮಾತು ಎತ್ತುವುದು ಹೇಗೆ?

ಆಗ ಸಿಕ್ಕಳು ಮಾರ್ಗರೇಟ್. ನಮ್ಮ ಕೊಥರೂಡದ ಓಣಿಯ ಲೈಬ್ರರಿಯಲ್ಲಿ ಮೈತುಂಬ ಅಂಟುಪಟ್ಟಿ ಹಚ್ಚಿಕೊಂಡು ಕೂತಿದ್ದ ಇಂಗ್ಲಿಷ್ ಕಾದಂಬರಿಯ ನಾಯಕಿ. ನೂರು ವರ್ಷದ ಹಿಂದೆ ಹುಡುಗಿಯರಿಗೆ ಅಕ್ಷರ ಕಲಿಸಲು ಒಬ್ಬಳೇ ಹಡಗು ಹತ್ತಿ ಇಂಗ್ಲೆಂಡಿನಿಂದ ಚೀನಾಕ್ಕೆ ಹೊರಟವಳು. ಕಷ್ಟ ಬಂದಾಗಲೆಲ್ಲ ಮಂಡಿಯೂರಿ ಏಸುವನ್ನು ಪ್ರಾರ್ಥಿಸುತ್ತಾಳೆ. ಎದ್ದು ನೋಡಿದರೆ ಪಕ್ಕದಲ್ಲಿ ಹಡಗಿನ ಡಾಕ್ಟರ್ ನಿಂತಿರುತ್ತಾನೆ. ದಿನಾ ಸಂಜೆ ಮೆಂತ್ಯದ ಸೊಪ್ಪು ಬಿಡಿಸುತ್ತ ಅತ್ತೆಗೆ ಅವಳ ಕಥೆ ಹೇಳತೊಡಗಿದೆ. ಹೇಳಿದೆ ಅನ್ನುವುದಕ್ಕಿಂತ ಸೋಸಿದೆ ಅನ್ನಬೇಕು. ಡಾಕ್ಟರ್ ಮುತ್ತು ಕೊಟ್ಟ ಕಡೆಯೆಲ್ಲ ನಾಡಿ ನೋಡಿದ ಎಂದೆ. ಅತ್ತೆ ಹೆದರಬಾರದೆಂದು ಬಿರುಗಾಳಿ, ವಾಂತಿ, ಜ್ವರ, ಊರು ನೆನೆದು ಅತ್ತದ್ದು ಎಲ್ಲವನ್ನೂ ಪುಟಗಟ್ಟಲೆ ಹಾರಿಸಿದೆ.

ಅತ್ತೆ ಪುರಾಣ ಕೇಳಿ ಬೆಳೆದವರು. ಎರಡನೇ ದಿನವೇ ಕೈಕಾಲು ತೊಳೆದುಕೊಂಡು ಕೂತರು. "ದೇವರು ಯಾರರೆ ಆಗಲಿ, ಕರದಾಗ ಬಂದನಲ್ಲ, ಅಷ್ಟ ಸಾಕು" ಎಂದರು. ಐದನೇ ದಿನಕ್ಕೆ ಮಾತ್ರ ಅವರಿಗೆ ಚಿಂತೆ ಹತ್ತಿತು. "ಅಲ್ಲವ್ವಾ, ಆ ಡಾಕ್ಟರ ಎಷ್ಟ ಸಲ ನಾಡಿ ನೋಡ್ತಾನ? ಹುಡುಗಿಗೆ ಏನರೆ ದೊಡ್ಡ ರೋಗ ಅದ ಏನು?" ನನಗೆ ಕೆಮ್ಮು ಬಂತು.

ಹದಿಮೂರನೇ ದಿನ ಚೀನಾದ ಪುಟ್ಟ ಚರ್ಚಿನಲ್ಲಿ ಇಬ್ಬರ ಮದುವೆಯಾಯಿತು. ಅತ್ತೆ ಕಣ್ಣೊರೆಸಿಕೊಂಡು ಪುಸ್ತಕಕ್ಕೆ ಕುಂಕುಮ ಹಚ್ಚಿ, ಮುಂದೆ ಬೆಲ್ಲದ ಚೂರು ಇಟ್ಟರು. ಲೈಬ್ರರಿಯವರಿಗೆ ಏನು ಹೇಳಲಿ ಎಂದು ನಾನು ಯೋಚಿಸುತ್ತಿರುವಾಗಲೇ "ಇನ್ನ ಫಲಶ್ರುತಿ ಹೇಳು" ಎಂದರು. ಯಾವ ಪುರಾಣವನ್ನಾದರೂ, ಕೇಳಿದವರಿಗೆ ಏನು ಫಲ ಸಿಗುತ್ತದೆಂದು ಹೇಳದೆ ಮುಗಿಸುವಂತಿಲ್ಲವಷ್ಟೆ. ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟೆ: "ಈ ಕಥಿ ಭಕ್ತಿಯಿಂದ ಕೇಳಿದವರ ಸೊಸಿ ಮೂರು ತಿಂಗಳು ಜರ್ಮನಿಗೆ ಹೋಗಿ, ಸುಖವಾಗಿ ತಿರುಗಿ ಬರ್ತಾಳ್ರಿ."

ಅತ್ತೆ ಬೆಲ್ಲವನ್ನು ಎರಡು ಚೂರು ಮಾಡಿ ಒಂದನ್ನು ನನ್ನ ಕೈಗಿಟ್ಟರು. "ಹೋಗಿ ಬಾ. ಕೇಳೀನಲ್ಲ, ಪರದೇಶ ಅಂದ್ರ ಏನೂ ತ್ರಾಸ ಇಲ್ಲ. ಆ ಹುಡುಗಿಗೆ ಒಂದು ನೆಗಡೀನೂ ಬರಲಿಲ್ಲ." ಎದ್ದು ಒಳಗೆ ಹೋಗುವಾಗ ತಿರುಗಿ ನಿಂತರು. "ಅಲ್ಲೆ ಯಾರರೆ ನಾಡಿ ನೋಡ್ತೀನಿ ಅಂದ್ರ, ಮನ್ಯಾಗ ನೋಡವ್ರು ಇದ್ದಾರ ಅನ್ನು."

ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಸುಮಾರು ಐದು ನಿಮಿಷ. ಆಮೇಲೆ ಹಾರಿಸಿದ ಪುಟಗಳೆಲ್ಲ ಒಂದೊಂದಾಗಿ ನೆನಪಾದವು. "ಏನು ಮಾಡಲಿ ಸರ್, ಅತ್ತೆ ಬಿಡಲಿಲ್ಲ" ಎಂದು ಸಾಹೇಬರಿಗೆ ಹೇಳಲು ನಾನು ಮೊದಲ ದಿನವೇ ಸಿದ್ಧಮಾಡಿಟ್ಟಿದ್ದ ಮಾತು ಇನ್ನು ಯಾವ ಕೆಲಸಕ್ಕೂ ಬಾರದು. ಒಳಗೆ ಅತ್ತೆ ನನ್ನ ಪೆಟ್ಟಿಗೆಗೆಂದು ಶೇಂಗಾ ಚಟ್ನಿ ಕುಟ್ಟತೊಡಗಿದ್ದರು. ನಾನು ಮೂಲೆಯಲ್ಲಿ ಕೂತು ಬಿರುಗಾಳಿಯ ಅಧ್ಯಾಯ ತೆರೆದು, ಮಾರ್ಗರೇಟ್ ಅಲ್ಲಿ ಏನೆಂದು ಪ್ರಾರ್ಥಿಸಿದ್ದಳೆಂದು ಹುಡುಕುತ್ತಿದ್ದೆ.