ನನ್ನ ಪತ್ತೇದಾರನ ವೈರಿಗಳು

ಕತೆ ಬರೆಯುವವರಿಗೆ ಪೇಚಾಟಗಳು ಆಗುತ್ತಲೇ ಇರುತ್ತವೆ; ಪತ್ತೇದಾರಿ ಕತೆ ಬರೆಯುವವನಿಗಂತೂ ಇವು ಬೆನ್ನು ಬಿಡುವುದಿಲ್ಲ. ಫೋರ್ಟಿನ ಒಂದು ಬ್ಯಾಂಕಿನಲ್ಲಿ ನನ್ನ ನೌಕರಿ, ಮುಲುಂಡಿನಲ್ಲಿ ಮನೆ. ಮುಂಬಯಿ ಕನ್ನಡಿಗರ ಒಂದು ಮಾಸಪತ್ರಿಕೆಗೆ ಧಾರಾವಾಹಿ ಬರೆಯುತ್ತೇನೆ. ನನ್ನ ಪತ್ತೇದಾರ ಮಹಾ ಬುದ್ಧಿವಂತ. ವಿಷಕ್ಕೆ, ಪಿಸ್ತೂಲಿಗೆ, ಕಳ್ಳಸಾಗಣೆದಾರರಿಗೆ ಯಾರಿಗೂ ಬಗ್ಗಿದವನಲ್ಲ. ಅವನನ್ನು ಮುಗಿಸಲು ಹೊರಟವರು ಬೇರೆಯೇ ಇದ್ದರು.

೧. ಸಂಪಾದಕರು

ಸಂಪಾದಕರು ನನ್ನನ್ನು ದಾದರಿನ ಉಡುಪಿ ಹೋಟೆಲಿಗೆ ಕರೆದು ಇಡ್ಲಿ ತಿನ್ನಿಸಿದರು. ಅವರು ಇಡ್ಲಿ ತಿನ್ನಿಸಿದರೆಂದರೆ ಸುದ್ದಿ ಕೆಟ್ಟದ್ದೇ. ಮೊದಲ ಕಂತಿಗೇ ಓದುಗರು ಕೊಲೆಗಾರನನ್ನು ಹಿಡಿದುಬಿಡುತ್ತಾರಂತೆ. ಇನ್ನೊಂದೇ ಕತೆ, ಅದೂ ಹಾಗೇ ಆದರೆ ಆ ಪುಟಕ್ಕೆ ಅಡುಗೆ ಅಂಕಣ ಎಂದರು. ಎಷ್ಟೋ ಕೊಲೆ ಬಿಡಿಸಿದ ನನ್ನ ಹುಡುಗ ಹೀರೇಕಾಯಿ ಚಟ್ನಿಗೆ ಸೋಲುವುದೇ ಎಂದು ಸಂಕಟವಾಯಿತು. ಅಡುಗೆಯಲ್ಲಿ ಕೊನೆಗೆ ಏನು ಬರುತ್ತದೆಂದು ಓದುಗರಿಗೆ ಮೊದಲೇ ಗೊತ್ತಿರುವುದಿಲ್ಲವೇ ಎಂದು ಕೇಳಿದೆ.

"ಗೊತ್ತಿದ್ರೂ ತಿನ್ಲಿಕ್ಕೆ ಆಗ್ತದಲ್ಲ ಮಾರಾಯ್ರೇ," ಎಂದರು.

೨. ಸೊಸೈಟಿ ಸೆಕ್ರೆಟರಿ

ಹೊಸ ಕತೆಯಲ್ಲಿ ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯನ್ನು ಕೊಲ್ಲಿಸಿದೆ. ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಮರಾಠಿಯವರು, ಕನ್ನಡ ಬಾರದು. ಆದರೆ ಪಕ್ಕದ ಮನೆಯವರು ಹಿಂದಿಯಲ್ಲಿ ಅರ್ಥ ಹೇಳಿಕೊಟ್ಟರು. ಸೆಕ್ರೆಟರಿ ನಮ್ಮ ಮನೆಯ ಬೆಲ್ ಒತ್ತಿದಾಗ ಜಗಳಕ್ಕೇ ಬಂದರೆಂದುಕೊಂಡೆ. ಅವರು ಸೋಫಾದಲ್ಲಿ ಕೂತು, ನನ್ನನ್ನು ಕೊಂದವರು ಯಾರು, ನನಗಾದರೂ ಹೇಳಿ ಎಂದು ಗೋಗರೆದರು. ನಾನು ಬಾಯಿ ಬಿಡಲಿಲ್ಲ. ಆ ವಾರವಿಡೀ ಬಿಲ್ಡಿಂಗಿನವರು ಒಬ್ಬೊಬ್ಬರಾಗಿ ಬಂದು, ಕೊಂದದ್ದು ತಾವೇ ಆಗಿದ್ದರೆ ಹೆಸರು ಹಾಕಲು ಏನೂ ಅಡ್ಡಿಯಿಲ್ಲ ಎಂದು ಹೇಳಿ ಹೋದರು.

೩. ಅತ್ತೆ

ಎಲ್ಲರಿಗಿಂತ ದೊಡ್ಡ ವೈರಿ ನಮ್ಮ ಅತ್ತೆ. ವಿಜಯಪುರದವರು, ನಮ್ಮ ಜೊತೆಗೇ ಇದ್ದಾರೆ. ಪ್ರತಿ ಸಲ ಕೊಲೆಗಾರನನ್ನು ಹಿಡಿದು ಸಂಜೆ ಗಾರ್ಡನ್ನಿನಲ್ಲಿ ಕನ್ನಡದವರಿಗೆಲ್ಲ ಸಾರುತ್ತಿದ್ದವರು ಅವರೇ. ಅದು ಹೇಗೆ ಗೊತ್ತಾಗುತ್ತದೆಂದು ಹೆಂಡತಿಯಿಂದ ಕೇಳಿಸಿದೆ. ಮನೆಗೆ ಬಂದು ಚಹಾ ಬೇಡ ಎನ್ನುವವನ ಹೊಟ್ಟೆಯಲ್ಲಿ ಏನೋ ಇರುತ್ತದೆ, ಅವನೇ ಕೊಲೆಗಾರ ಎಂದರಂತೆ. ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ನಿಜ, ನನ್ನ ಕೊಲೆಗಾರರು ಒಬ್ಬರೂ ಚಹಾ ಮುಟ್ಟಿರಲಿಲ್ಲ. ಅವಸರದವರು, ಪಾಪ.

ಈ ಸಲ ಎಲ್ಲರಿಗೂ ಚಹಾ ಕುಡಿಸಿದೆ. ಕೊಲೆಗಾರನಿಗೆ ಎರಡು ಕಪ್. ಅತ್ತೆ ಒಂದೊಂದೇ ಕಂತು ಓದಿ ಸುಮ್ಮನೆ ಕೂತರು, ಗಾರ್ಡನ್ನಿನಲ್ಲೂ ಮಾತಿಲ್ಲ. ಕೊನೆಯ ಕಂತು ಬಂತು. ಕೊಂದವನು ಸತ್ತವನ ಭಾವಮೈದುನ. ಒಬ್ಬ ಓದುಗನೂ ಊಹಿಸಿರಲಿಲ್ಲ. ಸಂಪಾದಕರು ಫೋನ್ ಮಾಡಿ, ಪುಟ ಇನ್ನು ನಿಮ್ಮದೇ ಎಂದರು. ನನ್ನ ಹುಡುಗ ಉಳಿದ! ಹಿಗ್ಗು ತಡೆಯಲಾಗದೆ ಪತ್ರಿಕೆ ಹಿಡಿದು ಅತ್ತೆಯ ಮುಂದೆ ನಿಂತು, ಈ ಸಲ ಸೋತಿರಲ್ಲ ಎಂದೆ.

ಅತ್ತೆ ಕನ್ನಡಕ ತೆಗೆದಿಟ್ಟರು. "ನಾ ಯಾಕ ಸೋಲ್ಲಿ? ನಿಮ್ಮ ಪತ್ತೇದಾರ ತಪ್ಪು ಮನಶ್ಯಾನ್ನ ಹಿಡದಾನ."

ಕತೆ ಬರೆದವನೇ ನಾನು, ಕೊಂದವನು ಭಾವಮೈದುನನೇ ಎಂದು ವಾದಿಸಿದೆ.

"ಎಲ್ಲಾರೂ ಚಹಾ ಕುಡದಾರ. ಹೋದ ಹೋದ ಮನ್ಯಾಗ ಚಹಾ ಬ್ಯಾಡ ಅಂದಾವ ನಿಮ್ಮ ಪತ್ತೇದಾರ ಒಬ್ಬನ," ಎಂದರು. ಆಮೇಲೆ ಕನಿಕರದಿಂದ ನನ್ನ ಮುಖ ನೋಡಿದರು. "ನೀವು ಬರದೀರಿ ಖರೆ. ಆದ್ರ ಅಂವ ನಿಮಗೂ ಗೊತ್ತಾಗಲಾರ್ದಂಗ ಕೊಂದಾನ್ರಿ."