ಅಜ್ಜಿಯ ಬಂಬ, ನನ್ನ ಸೋಲಾರ್

ಸೊಲ್ಲಾಪುರದಲ್ಲಿ ಬಿಸಿಲಿಗೆ ಯಾವತ್ತೂ ಕೊರತೆಯಿಲ್ಲ. ಆದರೂ ಹೊಸದಾಗಿ ಸೋಲಾರ್ ಕೂಡಿಸಿಕೊಂಡ ಮನೆಗಳಿಂದ ನೀರು ಕಾಯುವುದಿಲ್ಲ ಎಂಬ ದೂರು ಬರುತ್ತಲೇ ಇರುತ್ತದೆ. ಬಿ.ಎಸ್ಸಿ. ಮುಗಿಸಿ ನಾನು ಹಿಡಿದ ಕೆಲಸವೇ ಅದು: ಏಕೆ ಕಾಯುವುದಿಲ್ಲ ಎಂದು ಹೋಗಿ ನೋಡುವುದು. ಯಂತ್ರದ ದೋಷ ಅಪರೂಪ. ಉಳಿದದ್ದು ಹೀಗಿರುತ್ತದೆ.

೧. ಶರತ್ತು

ಮೊದಲು ನಮ್ಮ ಮನೆಯದನ್ನೇ ಹೇಳಬೇಕು. ನಮ್ಮ ಬಚ್ಚಲಿನಲ್ಲಿ ಒಂದು ತಾಮ್ರದ ಬಂಬ ಇದೆ. ಕೆಳಗೆ ಒಲೆ, ನಡುವೆ ಹೊಗೆ ಹೋಗುವ ಕೊಳವೆ, ಅದರ ಸುತ್ತ ನೀರು, ಹೊಟ್ಟೆಗೊಂದು ನಲ್ಲಿ. ಅಜ್ಜಿ ಮದುವೆಯಾಗಿ ವಳಸಂಗದಿಂದ ಬರುವಾಗ ತವರಿನವರು ಬಂಡಿಯಲ್ಲಿ ಜೊತೆಗಿಟ್ಟು ಕಳಿಸಿದ್ದು. ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ: "ಬಂಡ್ಯಾಗ ಎರಡು ಬಂದ್ವು. ಒಂದು ಬೆಂಕಿ ಹಚ್ಚಿದ್ರ ಕಾಯ್ತದ. ಇನ್ನೊಂದು ಹಚ್ಚದಿದ್ರೂ ಕಾಯ್ತದ."

ಚಿಕ್ಕವನಿದ್ದಾಗ ಥಂಡಿಯ ಬೆಳಗ್ಗೆ ನಾನು ಆ ಬಂಬದ ಪಕ್ಕ ಕೂತೇ ಪಾಠ ಓದುತ್ತಿದ್ದೆ. ನನ್ನ ಪುಸ್ತಕಗಳಿಗೆಲ್ಲ ತೊಗರಿಕಟ್ಟಿಗೆಯ ಹೊಗೆಯ ವಾಸನೆ. ಈಗಲೂ ವಿಜ್ಞಾನದ ಹಳೆಯ ಪುಸ್ತಕ ತೆಗೆದರೆ ಮೊದಲು ಬಿಸಿನೀರು ನೆನಪಾಗುತ್ತದೆ, ಆಮೇಲೆ ಪಾಠ.

ನಾನು ಕೆಲಸಕ್ಕೆ ಸೇರಿದ ಮೇಲೆ ನಮ್ಮ ಮನೆಯ ಮೇಲಿನ ಗಚ್ಚಿಗೂ ಸೋಲಾರ್ ಬಂತು. ಅಪ್ಪ ಶರತ್ತು ಹಾಕಿದ. "ದೀಪಾವಳಿ ತನಕಾ ನೋಡೂಣು. ನೀರು ಬರೋಬರ ಕಾಯ್ದ್ರ ಬಂಬ ತಾಮ್ರದವಗ ಕೊಟ್ಟುಬಿಡೂಣು. ಕಾಯಲಿಲ್ಲಂದ್ರ ಇರಲಿ."

ಅಜ್ಜಿ "ಹೂಂ" ಎಂದಳು, ಅಷ್ಟೇ. ಎರಡು ದಿನ ಬಿಟ್ಟು "ನೀರು ಥಂಡ ಅದ" ಎಂದಳು. ನಾನು ನೋಡುತ್ತೇನೆ ಎಂದರೂ ಕೇಳದೆ ನಮ್ಮ ಸೋಲಾರ್ ಕಂಪನಿಯ ಮಾಲಕರಿಗೇ ಫೋನ್ ಹಚ್ಚಿದಳು. ಅವರ ಮನೆ ನಮ್ಮ ಓಣಿಯ ಕೊನೆಗೇ ಇದೆ. ಎಲ್ಲರಿಗೂ ಹೇಳುವುದನ್ನೇ ಅವರು ಹೇಳಿದರು. "ಕಂಪ್ಲೇಂಟ್ ಬರಸ್ರಿ, ಆಯಿ. ನಾಕ್ ದಿನದಾಗ ನಮ್ಮ ಮನಷ್ಯಾ ಬರ್ತಾನ."

"ನಿಮ್ಮ ಮನಷ್ಯಾ ಇಲ್ಲೇ ನನ್ನ ಮುಂದ ಕುಂತು ಭಕ್ರಿ ತಿನ್ನಾಕತ್ತಾನ," ಎಂದಳು ಅಜ್ಜಿ.

೨. ಚಾದರ

ನಮ್ಮ ಓಣಿಯಲ್ಲೇ ಒಬ್ಬ ಚಾದರದ ವ್ಯಾಪಾರಿ ಇದ್ದಾರೆ. ಕೂಡಿಸಿದಾಗ ನೀರು ಚೆನ್ನಾಗಿ ಕಾಯುತ್ತಿತ್ತು, ಈಗ ಒಮ್ಮೆಲೆ ನಿಂತಿದೆ ಎಂದರು. ಗಚ್ಚಿ ಹತ್ತಿ ನೋಡಿದರೆ ಸೋಲಾರ್ ಕಾಣಲೇ ಇಲ್ಲ. ನವಿಲಿನ ಚಿತ್ರದ ಒಂದು ಡಬಲ್ ಚಾದರ ಕಂಡಿತು. ನಾಲ್ಕೂ ಅಂಚನ್ನು ಕೂಸಿಗೆ ಹೊದಿಸಿದ ಹಾಗೆ ಒಳಗೆ ಮಡಚಿದ್ದರು.

"ಕಾಕಾ, ಇದೇನ್ರಿ?"

"ನಸುಕಿನ್ಯಾಗ ಥಂಡಿ ಬೀಳಾಕತ್ತದ. ನೀರು ಆರಬಾರದಂತ ಹೊಚ್ಚೀನಿ. ನಮ್ಮ ಚಾದರ ಹೊಚ್ಚಿದ್ರ ಮುದುಕರು ಸೈತ ಬೆವರ್ತಾರ."

"ಹಗಲಾಗರೆ ತೆಗೀರಿ. ಬಿಸಿಲು ಬೀಳಬೇಕಲ್ಲ."

"ಹಗಲ ನಾ ಅಂಗಡ್ಯಾಗ ಇರ್ತೀನಿ. ಗಚ್ಚಿ ಹತ್ತಾವ್ರು ಯಾರು?"

ಚಾದರ ಮಡಚಿ ಅವರ ಕೈಗೆ ಕೊಟ್ಟು ಬಂದೆ. ಮರುದಿನ ಫೋನ್ ಬಂತು. "ಭಾಳ ಗರಮ್ ಆಗ್ಯದೋ ತಮ್ಮಾ. ಡಬಲ್ ಬ್ಯಾಡ. ಸಿಂಗಲ್ ಚಾದರ ಸಾಕಲ್ಲ?"

೩. ಯಮನ ದಿಕ್ಕು

ಅಕ್ಕಲಕೋಟದ ಒಬ್ಬ ದೊಡ್ಡ ಜಮೀನುದಾರರ ಮನೆ. ನಮ್ಮವರು ಸೋಲಾರಿನ ಕೊಳವೆಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಕೂಡಿಸಿ ಬಂದಿದ್ದರು. ನಾನು ಹೋದಾಗ ಅದು ಉತ್ತರಕ್ಕೆ ನೋಡುತ್ತ ಕೂತಿತ್ತು.

"ಮಾಮಾ, ಇದನ್ನ ತಿರುಗಿಸಿದವ್ರು ಯಾರು?"

"ನಾನೇ. ನಾಕ್ ಆಳು ಹಚ್ಚಿ ತಿರುಗಿಸೀನಿ. ದಕ್ಷಿಣ ಅಂದ್ರ ಯಮನ ದಿಕ್ಕು. ಹೊಸಾ ವಸ್ತು ಅತ್ತಾಗ ಮಾರಿ ಮಾಡಿ ಇಡಬಾರದು."

ಬಿಸಿಲು ನಮ್ಮಲ್ಲಿ ವರ್ಷದ ಹೆಚ್ಚು ಕಾಲ ದಕ್ಷಿಣದ ಕಡೆಯಿಂದ ಬೀಳುತ್ತದೆ ಎಂದು ಅಂಗಳದಲ್ಲಿ ಒಂದು ಕಟ್ಟಿಗೆ ನೆಟ್ಟು ನೆರಳು ತೋರಿಸಿದೆ. ಮಾಮಾ ಒಪ್ಪಿದರು. ಆಳುಗಳು ಮತ್ತೆ ಮೇಲೆ ಹತ್ತಿದರು. ತಿರುಗಿಸಿದ ಮೇಲೆ ಮಾಮಾ ಅವರಿಗೆ ಇನ್ನೊಂದು ಕಂಡಿತು. ನೀರಿನ ಟ್ಯಾಂಕು ಮೇಲಿನ ತುದಿಗೆ ಇರುತ್ತದಲ್ಲ, ಅದೀಗ ಉತ್ತರಕ್ಕೆ ಬಂದಿತ್ತು.

"ಈಗ ತಲಿ ಉತ್ತರಕ್ಕಾತಲ್ಲೋ! ಉತ್ತರಕ್ಕ ತಲಿ ಮಾಡಿ ಯಾರರೆ ಮಲಗ್ತಾರೇನು?"

"ಮಾಮಾ, ಇದು ಮಲಗಿಲ್ರಿ. ದುಡಿಯಾಕತ್ತದ."

"ಖರೆ. ಹಗಲ ದುಡೀತದ," ಎಂದರು. "ರಾತ್ರಿ?"

೪. ಶೋಧ

ಊರ ಮನೆಗಳೆಲ್ಲ ಸರಿಹೋದವು. ನಮ್ಮ ಮನೆಯಲ್ಲಿ ಮಾತ್ರ ಅಜ್ಜಿಯ ನೀರು ಥಂಡವೇ ಇತ್ತು. ನಾನು ಮೇಲಿನಿಂದ ಕೆಳಗೆ ಕ್ರಮವಾಗಿ ನೋಡುತ್ತ ಬಂದೆ. ಟ್ಯಾಂಕಿನ ನೀರು ಮುಟ್ಟಲಾಗದಷ್ಟು ಬಿಸಿ. ಪೈಪಿಗೆ ಸುತ್ತಿದ ಹೊದಿಕೆ ನೆಟ್ಟಗಿದೆ. ಬಚ್ಚಲಿನ ನಳ ಬಿಟ್ಟು ಬೆರಳು ಸುಟ್ಟುಕೊಂಡೆ. ಮರುದಿನ ಬೆಳಗ್ಗೆ ಅಜ್ಜಿ ಮತ್ತೆ ಅದೇ ಮಾತು: "ಥಂಡ ಅದ."

ಕೊನೆಗೆ ಯಂತ್ರ ಬಿಟ್ಟು ಅಜ್ಜಿಯನ್ನೇ ನೋಡುತ್ತ ಕೂತೆ. ಸಂಜೆ ದೀಪ ಹಚ್ಚಿದ ಮೇಲೆ ಅವಳು ಬಚ್ಚಲಿಗೆ ಹೋದಳು. ನಳದಿಂದ ಕುದಿಯುವಂಥ ನೀರನ್ನು ಕೊಡಕ್ಕೆ ಹಿಡಿದಳು. ಕೊಡವನ್ನು ಬಂಬಕ್ಕೆ ಸುರಿದಳು. ಬಂಬ ತುಂಬುವ ತನಕ ಹೀಗೇ ನಡೆಯಿತು. ಒಲೆಯಲ್ಲಿ ಬೆಂಕಿಯಿಲ್ಲದ ಆ ಬಂಬದಲ್ಲಿ ನೀರು ರಾತ್ರಿಯಿಡೀ ಆರುತ್ತಿತ್ತು. ಬೆಳಗ್ಗೆ ಅದರ ನಲ್ಲಿಯಿಂದ ಬಿಟ್ಟುಕೊಂಡು ಸ್ನಾನ ಮಾಡುತ್ತಿದ್ದಳು.

"ಆಯಿ, ನೀರು ಇದರಾಗ ಯಾಕ ಹಾಕ್ತೀದಿ?"

"ಜಳಕದ ನೀರು ಬಂಬದಾಗ ಇರಬೇಕು," ಎಂದಳು. "ನಳದ ನೀರು ಕೈಕಾಲಿಗೆ."

ಅವ್ವನಿಗೆ ಇದು ಮೊದಲಿನಿಂದ ಗೊತ್ತಿತ್ತು. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. "ನೀ ನೀರು ಎಷ್ಟು ಡಿಗ್ರಿ ಅದ ಅಂತ ಕೇಳ್ದಿ. ಎಲ್ಲಿ ಅದ ಅಂತ ಕೇಳಿದೇನು?"

೫. ನೀರು ತುಂಬುವ ಹಬ್ಬ

ದೋಷ ಸೋಲಾರಿನದಲ್ಲ ಎಂದು ಸಿದ್ಧವಾಯಿತು. ಅಪ್ಪ ತಾಮ್ರ ಕೊಳ್ಳುವವನಿಗೆ ಹಬ್ಬದ ಮಧ್ಯಾಹ್ನ ಬರಲು ಹೇಳಿದ. ಅಜ್ಜಿ ವಾದಿಸಲಿಲ್ಲ. "ಈ ಹಬ್ಬಕ್ಕ ಒಮ್ಮೆ ನೀರು ತುಂಬತೀನಿ. ಆಮ್ಯಾಲ ಒಯ್ಯಲಿ," ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ದೀಪಾವಳಿಯ ಹಿಂದಿನ ಸಂಜೆ ನಾನು, ಅಜ್ಜಿ ಇಬ್ಬರೂ ಕೂಡಿ ಹುಣಸೆಹಣ್ಣು ಹಚ್ಚಿ ಬಂಬವನ್ನು ತಿಕ್ಕಿದೆವು. ಚಿಕ್ಕಂದಿನಲ್ಲಿ ತಿಕ್ಕುವಾಗ ಅದರ ಹೊಟ್ಟೆಯಲ್ಲಿ ನನ್ನ ಮುಖ ಅಗಲವಾಗಿ ಕಂಡು ನಗು ಬರುತ್ತಿತ್ತು. ಈಗಲೂ ಅಗಲವಾಗಿಯೇ ಕಂಡಿತು. ಅಜ್ಜಿ ಅದರ ಕೊರಳಿಗೆ ಚೆಂಡುಹೂವಿನ ಮಾಲೆ ಕಟ್ಟಿ, ನೀರು ತುಂಬಿ, ಕುಂಕುಮ ಹಚ್ಚಿದಳು. ಗಚ್ಚಿಯ ಸೋಲಾರಿಗೂ ಒಂದು ಹೂ ಇಟ್ಟು ಬಾ ಎಂದು ನನಗೆ ಕೊಟ್ಟಳು. ಹೂ ಇಡಲು ಹೋದಾಗ ಮೇಲೆ ನೋಡಿದೆ. ಎರಡು ದಿನದಿಂದ ಹಿಡಿದಿದ್ದ ಮೋಡ ಇನ್ನೂ ಕದಲಿರಲಿಲ್ಲ. ಟ್ಯಾಂಕಿನ ನೀರು ತಣ್ಣಗಿತ್ತು.

ನಸುಕಿನಲ್ಲಿ ಎಲ್ಲರೂ ಮೈಗೆ ಎಣ್ಣೆ ಹಚ್ಚಿಕೊಂಡು ಕೂತಾಗ ಕರೆಂಟೂ ಹೋಯಿತು. ಬಿಸಿಲಿಲ್ಲದಾಗ ನೀರು ಕಾಯಿಸಲೆಂದು ಟ್ಯಾಂಕಿನಲ್ಲಿ ಇಟ್ಟಿರುವ ಕಾಯಿಲ್ ನಡೆಯುವುದು ಕರೆಂಟಿನಿಂದಲೇ. ಇಡೀ ಓಣಿ ಎಣ್ಣೆಯಲ್ಲಿ ಕೂತುಬಿಟ್ಟಿತು.

ಅಜ್ಜಿ ತೊಗರಿಕಟ್ಟಿಗೆ ಮುರಿದು ಒಲೆಗೆ ಹಾಕಿದಳು. ಕೊಳವೆಯಿಂದ ಹೊಗೆ ಎದ್ದು ಓಣಿಯ ತುಂಬ ಹರಡಿತು. ಆ ವಾಸನೆಗೆ ನಾನು ಮತ್ತೆ ಸಾಲೆಯ ಹುಡುಗನಾಗಿದ್ದೆ. ಹೊಗೆ ನೋಡಿದವರೆಲ್ಲ ಬಕೆಟ್ ಹಿಡಿದು ಬಂದರು. ಚಾದರದ ಕಾಕಾ ತಮ್ಮ ಬಕೆಟ್ಟಿಗೆ ಚಾದರವನ್ನೂ ಸುತ್ತಿಕೊಂಡು ಬಂದಿದ್ದರು. ಒಂದು ಕಡೆಯಿಂದ ತಣ್ಣೀರು ಸುರಿಯುತ್ತ ಹೋದೆವು, ಇನ್ನೊಂದು ಕಡೆಯಿಂದ ಬಿಸಿನೀರು ಬರುತ್ತ ಹೋಯಿತು.

ಮೊದಲ ಸ್ನಾನ ಅಪ್ಪನದು. ತಲೆ ಒರೆಸಿಕೊಳ್ಳುತ್ತಲೇ ಅವನು ತಾಮ್ರದವನಿಗೆ ಫೋನ್ ಮಾಡಿದ. "ಬರಬ್ಯಾಡೋ ಮಾರಾಯಾ. ಆ ವಸ್ತು ಡ್ಯೂಟಿ ಮ್ಯಾಲ ಅದ."

ಸಾಲಿನ ಕೊನೆಗೆ, ಟವೆಲ್ ಹೊದ್ದು, ಮುಖದಿಂದ ಎಣ್ಣೆ ಇಳಿಸಿಕೊಳ್ಳುತ್ತ, ನಮ್ಮ ಮಾಲಕರು ನಿಂತಿದ್ದರು. ಓಣಿಗೆಲ್ಲ ಸೋಲಾರ್ ಮಾರಿದವರು.

"ಆಯಿ, ಒಂದ ಬಕೆಟ್ ಸಿಗ್ತದೇನ್ರಿ? ಭಾಳ ಥಂಡಿ ಅದ."

ಅಜ್ಜಿ ಅವರ ಖಾಲಿ ಬಕೆಟ್ ಇಸಿದುಕೊಂಡು, ನಲ್ಲಿಯ ಕೆಳಗಿಟ್ಟು, ಕೈಯನ್ನು ನಲ್ಲಿಯ ಮೇಲೇ ಇಟ್ಟುಕೊಂಡು ಹೇಳಿದಳು:

"ಕಂಪ್ಲೇಂಟ್ ಬರಸ್ರಿ. ನಾಕ್ ದಿನದಾಗ ನಮ್ಮ ಮನಷ್ಯಾ ಬರ್ತಾನ."