ತಿಪ್ಪೆಯಲ್ಲೂ ಹೊಳೆಯುವ ಪ್ಲಾಸ್ಟಿಕ್ ಚೀಲದವರಿಗೆ

ಖಾನಾಪುರ, ಜುಲೈ ೧೯೮೭

ಮಾನ್ಯ ಪ್ಲಾಸ್ಟಿಕ್ ಚೀಲದವರೇ,

ನಮ್ಮ ಹಿತ್ತಲ ತಂತಿಯ ಮೇಲೆ, ಅವ್ವನ ಸೀರೆಯ ಬಾಜು, ತೊಳೆಸಿಕೊಂಡು ಒಣಗುತ್ತಿರುವ ತಮಗೆ, ಹತ್ತನೆಯ ಇಯತ್ತೆ ಮುಗಿಸಿ ಎಲ್ಲಿಯೂ ನಿಲ್ಲದೆ ತಿರುಗುವ ಸಿದರಾಯನ ಶರಣು. ತಾವು ಕ್ಷೇಮವೇ ಎಂದು ಕೇಳುವುದಿಲ್ಲ. ತಮಗೆ ಏನೂ ಆಗುವುದಿಲ್ಲ ಎಂಬುದೇ ನನ್ನ ತಕರಾರು.

ತಾವು ಬರುವ ಮೊದಲು ಬೆಳಗಾವಿಯ ಬಸಲಿಂಗಪ್ಪನವರ ಮಿಠಾಯಿ ಅಂಗಡಿಯ ಕುಂದಾ, ನನ್ನ ಅವ್ವ ಸಿದ್ದಕ್ಕ ಕಡ್ಡಿ ಚುಚ್ಚಿ ಹಚ್ಚಿದ ಮುತ್ತಲ ಎಲೆಯಲ್ಲಿ ಮನೆ ಮನೆಗೆ ಹೋಗುತ್ತಿತ್ತು. ಎಲೆಯ ಕಟ್ಟನ್ನು ಬಸ್ಸಿಗೆ ಹೇರಿ ಒಯ್ಯುವುದು ನನ್ನ ಕೆಲಸ. ಕಳೆದ ದೀಪಾವಳಿಗೆ ಅವರು "ಎಲಿ ಸಾಕೋ ತಮ್ಮಾ, ಮಂದಿ ಈಗ ಚೀಲಾ ಕೇಳ್ತಾರ" ಎಂದು ಕಟ್ಟನ್ನು ಮರಳಿಸಿ, ಅವ್ವನ ಸಮಾಧಾನಕ್ಕೆ ಪಾವು ಕಿಲೋ ಕುಂದಾ ಕಳಿಸಿದರು, ಅದೂ ಚೀಲದವರಾದ ತಮ್ಮ ಹೊಟ್ಟೆಯಲ್ಲಿಟ್ಟು.

ಕುಂದಾ ತಿಂದ ಮೇಲೆ ಎಲೆ ತಿಪ್ಪೆಗೆ ಹೋಗುವುದು ನಮ್ಮ ಮನೆಯ ರೂಢಿ. ಅವ್ವ ತಮ್ಮನ್ನೂ ಎಲೆಯ ಜಾತಿಯೆಂದೇ ತಿಳಿದು ಅಲ್ಲಿಗೇ ಎಸೆದಳು. ಎಲೆಯಂಥ ನಾಲಾಯಕು ಮೂರು ತಿಂಗಳಲ್ಲಿ ಗೊಬ್ಬರವಾಗಿ ಹೆಸರಿಲ್ಲದಂತಾಯಿತು. ತಾವೋ, ಸಗಣಿ, ಬೂದಿ, ಮುಸುರೆಗಳ ನಡುವೆ ಕೂತು, ಗೊಬ್ಬರದ ಬುಟ್ಟಿಯಲ್ಲೇ ಹೊಲಕ್ಕೆ ಸವಾರಿ ಮಾಡಿ, ಮೈಮೇಲಿನ ಅಂಗಡಿಯ ಹೆಸರಿನ ಒಂದಕ್ಷರವನ್ನೂ ಬಿಟ್ಟುಕೊಡದೆ ಉಳಿದಿರಿ. ಸಾಲಿಯಲ್ಲಿ ಕಲಿತದ್ದು ನನ್ನ ತಲೆಯಲ್ಲಿ ಅಷ್ಟು ದಿನ ನಿಂತಿದ್ದರೆ ನಾನಿಂದು ಮಾಸ್ತರನಾಗಿರುತ್ತಿದ್ದೆ. ತಾವು ಮಲಗಿದ್ದಷ್ಟು ಜಾಗದಲ್ಲಿ ಭತ್ತ ಮೇಲೇಳಲಿಲ್ಲ. ಕಳೆ ಕೀಳುವಾಗ ತಮ್ಮನ್ನು ಎಳೆದು ತೆಗೆದ ಅವ್ವ, "ಏನೋ ಇದು, ಇನ್ನೂ ಸತ್ತಿಲ್ಲಲ್ಲೋ!" ಎಂದು ಬೆರಗಾಗಿ, ಸಾಯದವರನ್ನು ಎಸೆಯಬಾರದೆಂದು ತೊಳೆದಳು.

ನಿನ್ನೆ ತಮ್ಮನ್ನು ಬಸಲಿಂಗಪ್ಪನವರಿಗೆ ಒಪ್ಪಿಸಿ, ತಮ್ಮ ತಿಪ್ಪೆಯ ಕಥೆ ಹೇಳಿ, ಇದರಲ್ಲೇ ಮತ್ತೆ ಕುಂದಾ ಕಟ್ಟಿರೆಂದೆ. "ತಿಪ್ಪ್ಯಾಗಿಂದು ತಂದೀಯಲ್ಲೋ, ಗಿರಾಕಿ ಏನಂದಾರು!" ಎಂದರು. "ಹಂಗಾದ್ರ ನಮ್ಮ ಹೊಲಕ್ಕ ಯಾಕ ಕಳಿಸಿದ್ರಿ ಕಾಕಾ?" ಎಂದೆ. ಅವರು ಫ್ಯಾನು ಜೋರು ಮಾಡಿದರು. ತಮ್ಮನ್ನು ಮರಳಿ ಕರೆತಂದೆ, ಅವ್ವ ಮತ್ತೊಮ್ಮೆ ತೊಳೆದು ತಂತಿಗೆ ಹಾಕಿದಳು.

ಆದ್ದರಿಂದ ತಮ್ಮಲ್ಲೇ ಮನವಿ: ವರ್ಷಕ್ಕೊಂದು ದಿನವಾದರೂ ಕೊಳೆಯುವ ಅಭ್ಯಾಸ ಮಾಡಬೇಕು. ಆಗದಿದ್ದರೆ, ತಮ್ಮನ್ನು ಸುತ್ತಿಕೊಂಡು ಹೋಗಿ ಮೇಲೆ ಬರುವ ದಾರಿಯನ್ನು ಭತ್ತಕ್ಕೆ ಕಲಿಸಬೇಕು. ಅದೂ ಆಗದಿದ್ದರೆ, ಎಲೆಯ ಕೆಲಸ ತಪ್ಪಿ ಕೈ ಕಟ್ಟಿ ಕೂತ ನನ್ನ ಅವ್ವನಿಗೆ ತಮ್ಮ ಆಯುಷ್ಯದಲ್ಲಿ ಒಂದಿಷ್ಟು ಕೆಲಸದ ದಿನಗಳನ್ನು ಕೊಡಬೇಕು.

ತಮ್ಮಷ್ಟು ಬಾಳಲಾರದ,
ತಮ್ಮ ವಿಶ್ವಾಸಿ,
ಸಿದರಾಯ

ತಾ.ಕ.: ಇದೀಗ ಬಸಲಿಂಗಪ್ಪನವರ ಚೀಟಿ ಬಂತು. ಅವರ ಮನೆಯಲ್ಲಿ ಶ್ರಾವಣದ ಪೂಜೆಯಂತೆ. ನೈವೇದ್ಯಕ್ಕೆ ಚೀಲ ನಡೆಯುವುದಿಲ್ಲವಂತೆ, ಐವತ್ತು ಎಲೆ ಬೇಕಂತೆ. ಅವ್ವ ಹಚ್ಚಲು ಕೂತಾಗಿದೆ. ದೇವರೊಬ್ಬನನ್ನು ಬಿಟ್ಟು ಉಳಿದವರೆಲ್ಲ ತಮ್ಮ ಪಾಲಿಗೇ ಇದ್ದೇವೆ, ನಿಶ್ಚಿಂತೆಯಿಂದ ಒಣಗಿರಿ.